ಬಲಗಾಲಿಗೊಮ್ಮೆ, ಎಡಗಾಲಿಗೊಮ್ಮೆ: ಐರ್ಲೆಂಡಿನ ಮಟ್ಟುಗಳ ಚರಿತ್ರೆ

ಐರ್ಲೆಂಡ್ ಎಂದರೆ ಕನ್ನಡದ ಓದುಗರಿಗೆ ಥಟ್ಟನೆ ನೆನಪಾಗುವುದು ಜೇಮ್ಸ್ ಕಸಿನ್ಸ್. 1920ರ ದಶಕದಲ್ಲಿ ಮೈಸೂರಿಗೆ ಬಂದಿದ್ದ ಈ ಐರಿಷ್ ಕವಿ, ತರುಣ ಕುವೆಂಪು ತೋರಿಸಿದ ಇಂಗ್ಲಿಷ್ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಿರಿ ಎಂದು ಹೇಳಿದ ಪ್ರಸಂಗವನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಹಾಗೆ ಹೇಳಿದವರ ನಾಡಿನಲ್ಲಿ ತಾಯ್ನುಡಿಗೆ ಏನಾಗಿತ್ತು ಎಂಬುದನ್ನು ಮಾತ್ರ ಯಾರೂ ನಮಗೆ ಹೇಳಲಿಲ್ಲ. 1873ರಲ್ಲಿ ಬೆಲ್‌ಫಾಸ್ಟಿನಲ್ಲಿ ಕಸಿನ್ಸ್ ಹುಟ್ಟುವ ಹೊತ್ತಿಗೆ ಐರಿಷ್ ಭಾಷೆ ದೇಶದ ಬಹುಭಾಗದಿಂದ ಕಾಲ್ತೆಗೆದು ಹೆಚ್ಚಾಗಿ ಪಶ್ಚಿಮದ ಬಡ ಹಳ್ಳಿಗಳಿಗೆ ಸರಿದಿತ್ತು. ಸ್ವತಃ ಅವರೂ ಬರೆದದ್ದು ಇಂಗ್ಲಿಷಿನಲ್ಲೇ. ಆದರೆ ಮಾತನ್ನು ಕಳೆದುಕೊಂಡ ಆ ಜನ ಮಟ್ಟನ್ನು ಬಿಟ್ಟುಕೊಡಲಿಲ್ಲ. ಹಾಡಿನ ಪದ ಮರೆತ ಮನೆಗಳಲ್ಲೂ ಅದರ ಧಾಟಿ ಪಿಟೀಲಿನಲ್ಲಿ, ಕೊಳಲಿನಲ್ಲಿ, ಬರಿಯ ಬಾಯಲ್ಲಿ ಉಳಿಯಿತು. ಅದು ಉಳಿದದ್ದು ಹೇಗೆ, ಉಳಿಸಹೋದವರು ಅದಕ್ಕೆ ಮಾಡಿದ್ದೇನು ಎಂಬ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಮೊದಲು ಮಟ್ಟಿನ ಕಟ್ಟಡ ನೋಡೋಣ. ಐರಿಷ್ ಕುಣಿತದ ಮಟ್ಟು ಬಹಳ ಚಿಕ್ಕದು. ಸಾಮಾನ್ಯವಾಗಿ ಅದಕ್ಕೆ ಎರಡೇ ಭಾಗ. ಮೊದಲನೆಯದಕ್ಕೆ 'ಟ್ಯೂನ್' ಎನ್ನುತ್ತಾರೆ, ಎರಡನೆಯದಕ್ಕೆ 'ಟರ್ನ್', ಅಂದರೆ ತಿರುವು. ಒಂದೊಂದಕ್ಕೂ ಎಂಟು ಆವರ್ತ. ಮೊದಲ ಭಾಗವನ್ನು ಎರಡು ಸಲ, ಎರಡನೆಯದನ್ನು ಎರಡು ಸಲ ನುಡಿಸಿದರೆ 32 ಆವರ್ತಗಳ ಒಂದು ಸುತ್ತು ಮುಗಿಯಿತು. ವೇಗವಾಗಿ ನುಡಿಸಿದರೆ ಇದಕ್ಕೆ ಮುಕ್ಕಾಲು ನಿಮಿಷವೂ ಬೇಡ. ಮೊದಲ ಭಾಗ ಕೆಳಗಿನ ಸ್ವರಗಳಲ್ಲಿ ಓಡಾಡಿಕೊಂಡಿದ್ದರೆ ಎರಡನೆಯದು ಬಹುಮಟ್ಟಿಗೆ ಮೇಲಿನ ಸ್ಥಾಯಿಗೆ ಏರುತ್ತದೆ. ಅಸ್ತಾಯಿ, ಅಂತರಾಗಳನ್ನು ಕೇಳಿ ಬೆಳೆದವರಿಗೆ ಇದು ಒಗಟಲ್ಲ. ಎಂಟರ ಒಳಗೂ ಮತ್ತೆ ಜೋಡಿಯೇ. ನಾಲ್ಕು ಆವರ್ತ ಒಂದು ಮಾತನ್ನು ಎತ್ತುತ್ತದೆ, ಉಳಿದ ನಾಲ್ಕು ಅದೇ ಮಾತಿನಿಂದ ಶುರುವಾಗಿ ಬೇರೆ ಕಡೆ ಮುಗಿಯುತ್ತದೆ. ಗಜಲಿನ ಒಂದು ಶೇರ್‌ನಲ್ಲಿ ಮೊದಲ ಮಿಸ್ರಾ ಕಾಯಿಸುತ್ತದೆ, ಎರಡನೆಯದು ಬಿಡುಗಡೆ ಕೊಡುತ್ತದೆ. ಹೆಚ್ಚುಕಡಿಮೆ ಅದೇ ಸುಖ ಇಲ್ಲಿಯದೂ. ಒಂದು ವ್ಯತ್ಯಾಸವುಂಟು. ಎಷ್ಟೋ ಐರಿಷ್ ಮಟ್ಟುಗಳ ಕೊನೆಯ ಸ್ವರ ನಿಲ್ಲುವ ಸ್ವರವೇ ಅಲ್ಲ. ಅದು ಮತ್ತೆ ಮೊದಲಿಗೆ ದೂಡುತ್ತದೆ. ಹಾಗಾಗಿ ಮಟ್ಟು ಮುಗಿಯುವುದಿಲ್ಲ, ನುಡಿಸುವವರು ನಿಲ್ಲಿಸಬೇಕು, ಅಷ್ಟೆ.

ಲಯದ ಪ್ರಕಾರಗಳನ್ನು ನಮ್ಮ ತಾಳದ ಸೊಲ್ಲುಗಳಲ್ಲಿ ಹೇಳಿದರೆ ಸುಲಭ. 'ಜಿಗ್' ಎಂದರೆ ಒಂದು ಆವರ್ತಕ್ಕೆ ಎರಡು ತಕಿಟ. 'ಸ್ಲಿಪ್ ಜಿಗ್' ಎಂದರೆ ಮೂರು ತಕಿಟ. ದಕ್ಷಿಣದ ಕಾರ್ಕ್, ಕೆರಿ ಜಿಲ್ಲೆಗಳವರಿಗೆ ಪ್ರಿಯವಾದ 'ಸ್ಲೈಡ್'ಗೆ ನಾಲ್ಕು. 'ರೀಲ್' ಎಂದರೆ ಎರಡು ತಕಧಿಮಿ, ಓಟದ ನಡೆ. 'ಹಾರ್ನ್‌ಪೈಪ್' ಲೆಕ್ಕದಲ್ಲಿ ರೀಲಿನಂತೆಯೇ, ಆದರೆ ನಿಧಾನ. ಅದರಲ್ಲಿ ಪ್ರತಿ ಜೋಡಿಯ ಮೊದಲ ಸ್ವರ ಉದ್ದ, ಎರಡನೆಯದು ಗಿಡ್ಡ, ಸ್ವಲ್ಪ ಕುಂಟಿದಂತೆ. ಇವುಗಳಲ್ಲಿ ಜಿಗ್ ಹಳೆಯದು. ರೀಲ್ 18ನೇ ಶತಮಾನದ ಕೊನೆಯ ಭಾಗದಲ್ಲಿ ಸ್ಕಾಟ್‌ಲೆಂಡಿನಿಂದ ಬಂತು. ಹಾರ್ನ್‌ಪೈಪ್ ಇಂಗ್ಲೆಂಡಿನದು. ಪೋಲ್ಕಾ ಬೊಹೀಮಿಯಾದಲ್ಲಿ ಹುಟ್ಟಿ 19ನೇ ಶತಮಾನದಲ್ಲಿ ಅಲ್ಲಿಗೆ ತಲುಪಿತು. ಇಂದು 'ಅಪ್ಪಟ ಐರಿಷ್' ಎಂದು ಮಾರಾಟವಾಗುವ ಬುಟ್ಟಿಯಲ್ಲಿ ಮುಕ್ಕಾಲು ಪಾಲು ಹೊರಗಿನಿಂದ ಬಂದದ್ದೇ. ಬಂದದ್ದನ್ನು ತಮ್ಮ ಬೆರಳಿಗೆ, ತಮ್ಮ ಕಾಲಿಗೆ ಒಗ್ಗಿಸಿಕೊಂಡ ರೀತಿ ಅವರದು. ಸಂಸ್ಕೃತಿಯಲ್ಲಿ ಶುದ್ಧ ರಕ್ತ ಹುಡುಕುವವರು ಒಮ್ಮೆ ಈ ಬುಟ್ಟಿಯೊಳಗೆ ಕೈಹಾಕಿ ನೋಡಬೇಕು.

ಎಲ್ಲವೂ ಎಂಟೆಂಟು ಆವರ್ತಗಳ ಜೋಡಿಯಾಗಿಯೇ ಯಾಕಿವೆ? ಉತ್ತರ ಕಿವಿಯಲ್ಲಿಲ್ಲ, ಕಾಲಿನಲ್ಲಿದೆ. ಆ ಕುಣಿತದಲ್ಲಿ ಒಂದು ಹೆಜ್ಜೆಗಾರಿಕೆಯನ್ನು ಬಲಗಾಲಿನಿಂದ ಎತ್ತಿಕೊಂಡು ಎಂಟು ಆವರ್ತ ಕುಣಿಯುತ್ತಾರೆ, ಬಳಿಕ ಅದನ್ನೇ ಎಡಗಾಲಿನಿಂದ ಎತ್ತಿಕೊಂಡು ಎಂಟು ಆವರ್ತ. ಮಟ್ಟಿನ ಭಾಗ ಮರುಕಳಿಸುವುದು ಎಡಗಾಲಿಗೆ ಅದರ ಪಾಲು ಕೊಡುವುದಕ್ಕೆ. ಇದನ್ನು ಊರೂರಿಗೆ ಕಲಿಸಿದವರು ಅಲೆಮಾರಿ ಕುಣಿತದ ಮೇಷ್ಟರುಗಳು. 1776ರಿಂದ ಐರ್ಲೆಂಡಿನಲ್ಲಿ ಸಂಚರಿಸಿದ ಆರ್ಥರ್ ಯಂಗ್ ಎಂಬ ಇಂಗ್ಲಿಷ್ ಕೃಷಿತಜ್ಞ, ಕಡುಬಡವರ ಗುಡಿಸಲುಗಳಲ್ಲೂ ಈ ಮೇಷ್ಟರುಗಳು ಪಾಠ ಹೇಳುತ್ತಿದ್ದುದನ್ನು, ಜೊತೆಗೆ ಒಬ್ಬ ಪೈಪ್ ಊದುವವನೋ ಕುರುಡ ಪಿಟೀಲುಗಾರನೋ ಇರುತ್ತಿದ್ದುದನ್ನು ದಾಖಲಿಸಿದ್ದಾನೆ. ಎಡಬಲ ಗೊತ್ತಿಲ್ಲದ ರೈತ ಹುಡುಗರ ಒಂದು ಕಾಲಿಗೆ ಹುಲ್ಲು, ಇನ್ನೊಂದಕ್ಕೆ ಒಣಗಿದ ದಂಟು ಕಟ್ಟಿ ಕಲಿಸುತ್ತಿದ್ದರಂತೆ. ಗುಡಿಸಲಿನ ನೆಲ ಮಣ್ಣಿನದು, ಹೆಜ್ಜೆಯ ಸದ್ದು ಏಳುವುದಿಲ್ಲ. ಹಾಗಾಗಿ ಬಾಗಿಲನ್ನು ಕೀಲಿನಿಂದ ಕಳಚಿ ನೆಲಕ್ಕೆ ಹಾಸಿ ಅದರ ಮೇಲೆ ಕುಣಿಸುತ್ತಿದ್ದರು. ವಾದ್ಯವೇ ಇಲ್ಲದ ಮನೆಯಲ್ಲಿ ಅರ್ಥವಿಲ್ಲದ ಉಚ್ಚಾರಗಳನ್ನು ತಾಳಕ್ಕೆ ಪೋಣಿಸಿ ಬಾಯಲ್ಲೇ ಮಟ್ಟು ಹಾಡುತ್ತಿದ್ದರು.

ಇದಕ್ಕಿಂತ ತೀರ ಬೇರೆಯಾದ ಇನ್ನೊಂದು ಲೋಕವೂ ಅಲ್ಲಿತ್ತು. ಅದು 'ಶಾನ್ ನೋಸ್' ಎಂಬ ಹಾಡುಗಾರಿಕೆ. ಹಾಗೆಂದರೆ ಹಳೆಯ ರೀತಿ ಎಂದರ್ಥ. ಪಕ್ಕವಾದ್ಯವಿಲ್ಲ, ತಾಳವಿಲ್ಲ. ಐರಿಷ್ ಭಾಷೆಯ ಪದಗಳ ಎಳೆತವೇ ಅದರ ಲಯ. ಹಾಡುವವರು ಒಂದು ಅಕ್ಷರವನ್ನು ಹಿಡಿದು ಸ್ವರಗಳ ಸುತ್ತ ಸುತ್ತಿಸಿ ಮುಂದಕ್ಕೆ ಹೋಗುತ್ತಾರೆ. ಭಾಷೆ ಹೋದ ಕಡೆ ಈ ಹಾಡುಗಳು ವಾದ್ಯದ ನಿಧಾನ ಮಟ್ಟುಗಳಾಗಿ ಉಳಿದವು. ಪದಗಳನ್ನು ತಿಳಿಯದೆ ಇವನ್ನು ನುಡಿಸಬಾರದು ಎಂದು ಹಿರಿಯ ವಾದಕರು ಈಗಲೂ ಹೇಳುತ್ತಾರೆ. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಸ್ವರ ಹೇಳುವುದಿಲ್ಲ, ಪದ ಹೇಳುತ್ತದೆ.

ಕಿವಿಯಿಂದ ಕಿವಿಗೆ ಸಾಗುತ್ತಿದ್ದ ಈ ಸಂಗೀತ ಕಾಗದಕ್ಕೆ ಇಳಿದ ಕತೆಯಲ್ಲಿ ದೊಡ್ಡ ತಿರುವು 1792ರ ಜುಲೈನಲ್ಲಿ ಬಂತು. ಬೆಲ್‌ಫಾಸ್ಟಿನ ಕೆಲವು ಗಣ್ಯರು ಸೇರಿ ಅಳಿವಿನಂಚಿನಲ್ಲಿದ್ದ ಹಾರ್ಪ್ ವಾದಕರ ಸಮಾವೇಶ ನಡೆಸಿದರು. ಬಂದವರು ಹತ್ತು ಮಂದಿ ಐರಿಷರು, ಒಬ್ಬ ವೇಲ್ಸಿನವನು. ಅವರಲ್ಲಿ ಹಲವರು ಕುರುಡರು. ಸಿಡುಬು ಕಣ್ಣು ಕಸಿದರೆ ಮಗುವನ್ನು ಹಾರ್ಪ್ ಕಲಿಯಲು ಹಾಕುವುದು ಆ ಕಾಲದ ರೂಢಿಯಾಗಿತ್ತು, ಹೊಟ್ಟೆಪಾಡಿಗೆ ಅದೊಂದೇ ದಾರಿ. ಹಿಂದಿನ ತಲೆಮಾರಿನ ಪ್ರಸಿದ್ಧ ಹಾರ್ಪ್ ವಾದಕ ಟರ್ಲೋ ಓ ಕ್ಯಾರೊಲನ್ ಕೂಡ ಸಿಡುಬಿನಿಂದ ಕಣ್ಣು ಕಳೆದುಕೊಂಡವನೇ. ಸಮಾವೇಶಕ್ಕೆ ಬಂದವರಲ್ಲಿ ಎಲ್ಲರಿಗಿಂತ ಹಿರಿಯ ಡೆನಿಸ್ ಹೆಂಪ್‌ಸನ್. ವಯಸ್ಸು ತೊಂಬತ್ತು ದಾಟಿತ್ತು ಎನ್ನುತ್ತಾರೆ. ಲೋಹದ ತಂತಿಗಳನ್ನು ಹಳೆಯ ಕ್ರಮದಂತೆ ಉದ್ದನೆಯ ಉಗುರುಗಳಿಂದ ಮೀಟುತ್ತಿದ್ದವನು ಅವನೊಬ್ಬನೇ. ಕೇಳಿದ್ದನ್ನು ಬರೆದುಕೊಳ್ಳಲು ಗೊತ್ತುಮಾಡಿದ್ದು ಎಡ್ವರ್ಡ್ ಬಂಟಿಂಗ್ ಎಂಬ 19 ವರ್ಷದ ಚರ್ಚಿನ ಆರ್ಗನ್ ವಾದಕನನ್ನು.

ಬಂಟಿಂಗ್ ಆಮೇಲೆ ತನ್ನ ಬದುಕನ್ನೆಲ್ಲ ಈ ಕೆಲಸಕ್ಕೆ ಕೊಟ್ಟ. 1796, 1809 ಮತ್ತು 1840ರಲ್ಲಿ ಮೂರು ಸಂಪುಟ ತಂದ. ಅವನಿಲ್ಲದಿದ್ದರೆ ಹೆಂಪ್‌ಸನ್ನನ ಜೊತೆಗೇ ಎಷ್ಟೋ ಮಟ್ಟುಗಳು ಮಣ್ಣಾಗುತ್ತಿದ್ದವು. ಆದರೆ ಅವನು ಅಚ್ಚು ಹಾಕಿಸಿದ್ದು ಪಿಯಾನೊ ನುಡಿಸುವ ಮನೆಗಳಿಗಾಗಿ. ಐರಿಷ್ ಮಟ್ಟುಗಳ ಸ್ವರಶ್ರೇಣಿ ಪಾಶ್ಚಾತ್ಯ ಶಾಸ್ತ್ರೀಯದ ಮೇಜರ್, ಮೈನರ್ ಎಂಬ ಎರಡೇ ಪಾತ್ರೆಗಳಲ್ಲಿ ಹಿಡಿಸುವಂಥದ್ದಲ್ಲ. ಅವುಗಳಲ್ಲಿ ಬಹಳಷ್ಟು ನಮ್ಮ ಖಮಾಜ್, ಕಾಫಿ ಥಾಟ್‌ಗಳ ಸ್ವರಗಳಲ್ಲಿವೆ. ಕೋಮಲಕ್ಕೂ ತೀವ್ರಕ್ಕೂ ನಡುವೆ ನಿಲ್ಲುವ ನಿಷಾದವೂ ಉಂಟು. ಪಿಟೀಲಿಗೆ, ಪೈಪಿಗೆ ಅದು ಸಲೀಸು. ಪಿಯಾನೊದಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಬಂಟಿಂಗ್ ಮಟ್ಟುಗಳನ್ನು ಪಿಯಾನೊದ ಅಳತೆಗೆ ಕತ್ತರಿಸಿದ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಪದಗಳ ಕತೆ. 1802ರಲ್ಲಿ ಬಂಟಿಂಗ್, ಐರಿಷ್ ಬಲ್ಲ ಪ್ಯಾಟ್ರಿಕ್ ಲಿಂಚ್ ಎಂಬ ಮೇಷ್ಟರನ್ನು ಪಶ್ಚಿಮದ ಹಳ್ಳಿಗಳಿಗೆ ಕಳಿಸಿದ. ಲಿಂಚ್ ಮನೆಮನೆ ಅಲೆದು ನೂರಾರು ಹಾಡುಗಳ ಪದಗಳನ್ನು ಬರೆದು ತಂದ. 1809ರ ಸಂಪುಟದಲ್ಲಿ ಐರಿಷ್ ಪದಗಳಿರಲಿಲ್ಲ, ಇಂಗ್ಲಿಷ್ ಪದ್ಯಗಳಿದ್ದವು. ಹೀಗೆ ಮಟ್ಟು ಪುಸ್ತಕ ಸೇರಿತು, ಮಾತು ಹಸ್ತಪ್ರತಿಗಳ ಕಟ್ಟಿನಲ್ಲಿ ಉಳಿಯಿತು. ಬಂಟಿಂಗ್‌ನ ಮಟ್ಟುಗಳನ್ನು ಬಳಸಿಕೊಂಡು 1808ರಿಂದ ತನ್ನ ಇಂಗ್ಲಿಷ್ ಹಾಡುಗಳನ್ನು ಪ್ರಕಟಿಸಿದ ಥಾಮಸ್ ಮೂರ್ ಲಂಡನ್ನಿನ ದಿವಾನಖಾನೆಗಳ ಕಣ್ಮಣಿಯಾದ. ಇದೇ ಮೂರ್ 1817ರಲ್ಲಿ 'ಲಾಲಾ ರೂಖ್' ಎಂಬ ಕಾವ್ಯ ಬರೆದ. ಅದು ದೆಹಲಿಯಿಂದ ಕಾಶ್ಮೀರಕ್ಕೆ ಮದುವೆಗೆ ಹೊರಟ ಔರಂಗಜೇಬನ ಮಗಳ ಕತೆ. ಹಿಂದೂಸ್ತಾನವನ್ನು ಕಣ್ಣಿಂದ ಕಾಣದೆ ಅವನು ಬರೆದ ಆ ಗುಲಾಬಿ, ಬುಲ್‌ಬುಲ್‌ಗಳ ಪೂರ್ವದೇಶವನ್ನು ಓದಿದಾಗ, ತನ್ನ ಊರಿನ ಮಟ್ಟುಗಳಿಗೂ ಅವನು ಇದೇ ಅತ್ತರು ಹಚ್ಚಿದನಲ್ಲ ಎನಿಸುತ್ತದೆ.

ಸ್ವರ ಬರೆದುಕೊಳ್ಳುವ ಈ ಕೆಲಸಕ್ಕೂ ನಮಗೂ ಒಂದು ನೇರ ಸಂಬಂಧವುಂಟು. 1919ರ ಫೆಬ್ರುವರಿಯಲ್ಲಿ ಮದನಪಲ್ಲಿಯಲ್ಲಿ ಟಾಗೋರರು 'ಜನಗಣಮನ' ಹಾಡಿದಾಗ ಅದರ ಮಟ್ಟನ್ನು ಸ್ವರಲಿಪಿಗೆ ಇಳಿಸಿದವರು ಜೇಮ್ಸ್ ಕಸಿನ್ಸರ ಪತ್ನಿ ಮಾರ್ಗರೆಟ್. ಅವರು ಐರ್ಲೆಂಡಿನಲ್ಲಿ ಸಂಗೀತದ ಪದವಿ ಪಡೆದವರು.

1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿತು. 1841ರ ಜನಗಣತಿಯಲ್ಲಿ 82 ಲಕ್ಷದ ಹತ್ತಿರವಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಕುಸಿಯಿತು. ಸುಮಾರು 10 ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಸತ್ತವರಲ್ಲಿ, ಹೊರಟುಹೋದವರಲ್ಲಿ ಬಹುಪಾಲು ಮಟ್ಟುಗಳನ್ನೂ ಭಾಷೆಯನ್ನೂ ಹೊತ್ತಿದ್ದ ಬಡವರೇ. 1855ರಲ್ಲಿ ತನ್ನ ಸಂಗ್ರಹ ಪ್ರಕಟಿಸಿದ ಜಾರ್ಜ್ ಪೆಟ್ರಿ, ಕ್ಷಾಮದ ನಂತರ ಹಳ್ಳಿಗಳ ಮೇಲೆ ಕವಿದ ಮೌನದ ಬಗ್ಗೆ ಮುನ್ನುಡಿಯಲ್ಲಿ ಬರೆದಿದ್ದಾನೆ. ಉಳುವವನ ಹಾಡು ಕೇಳದ, ಸಂಜೆಯ ಕುಣಿತವಿಲ್ಲದ ಊರುಗಳು. ಕ್ಷಾಮಗಳ ಚರಿತ್ರೆಯಲ್ಲಿ ಹೆಣಗಳ ಲೆಕ್ಕ ಸಿಗುತ್ತದೆ. ಹೀಗೆ ನಿಂತುಹೋದ ಸದ್ದಿನ ಲೆಕ್ಕ ಇಟ್ಟವರು ವಿರಳ.

ಮುಂದಿನ ದೊಡ್ಡ ಸಂಗ್ರಹ ನಡೆದದ್ದು ಐರ್ಲೆಂಡಿನಲ್ಲಲ್ಲ, ಶಿಕಾಗೊ ನಗರದಲ್ಲಿ, ಅದೂ ಪೊಲೀಸ್ ಮುಖ್ಯಸ್ಥನೊಬ್ಬನಿಂದ. ಫ್ರಾನ್ಸಿಸ್ ಓ ನೀಲ್ 1848ರಲ್ಲಿ ಕಾರ್ಕ್ ಜಿಲ್ಲೆಯ ಟ್ರಾಲಿಬೇನ್ ಎಂಬಲ್ಲಿ ಹುಟ್ಟಿದವನು. ಹದಿಹರೆಯದಲ್ಲೇ ಮನೆ ಬಿಟ್ಟು ಹಡಗು ಸೇರಿದ. ಶಿಕಾಗೊ ಪೊಲೀಸ್ ಸೇರಿದ ಹೊಸದರಲ್ಲೇ ಕಳ್ಳನೊಬ್ಬನ ಗುಂಡು ತಿಂದ, ಆ ಗುಂಡು ಸಾಯುವವರೆಗೂ ಅವನ ಮೈಯಲ್ಲೇ ಇತ್ತು. 1901ರಿಂದ 1905ರವರೆಗೆ ಇಡೀ ಪಡೆಯ ಮುಖ್ಯಸ್ಥನಾಗಿದ್ದ. ಕೊಳಲು ನುಡಿಸುತ್ತಿದ್ದ, ಆದರೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ವಲಸಿಗರಿಂದ, ತನ್ನ ಪೇದೆಗಳಿಂದ ಕೇಳಿದ್ದನ್ನು ಗುನುಗಿದರೆ ಅದೇ ಪಡೆಯ ಜೇಮ್ಸ್ ಓ ನೀಲ್ ಬರೆದುಕೊಳ್ಳುತ್ತಿದ್ದ. 1903ರಲ್ಲಿ 1850 ಮಟ್ಟುಗಳ ಸಂಪುಟ ಬಂತು, 1907ರಲ್ಲಿ ಕುಣಿತದ್ದೇ 1001. 'ಅಲ್ಫ್ ಲೈಲಾ' ಓದಿದವರು ಈ ಸಂಖ್ಯೆ ಕೇಳಿ ಮುಗುಳ್ನಗಬಹುದು. ವಾದಕರ ನಡುವೆ ಇದಕ್ಕೆ 'ಪುಸ್ತಕ' ಎಂದಷ್ಟೇ ಹೆಸರು. ಬಂಟಿಂಗ್‌ಗೂ ಇವನಿಗೂ ಇರುವ ವ್ಯತ್ಯಾಸ ದೊಡ್ಡದು. ಇವನು ಪಿಯಾನೊ ಇದ್ದವರಿಗಾಗಿ ಅಲ್ಲ, ನುಡಿಸುವವರಿಗಾಗಿ ಬರೆಸಿದ. 1907ರ ಸಂಪುಟದಲ್ಲಿ ಬರಿಯ ಮಟ್ಟು, ಪಕ್ಕವಾದ್ಯದ ಅಲಂಕಾರವಿಲ್ಲ.

ಹಾಗಿದ್ದೂ ಕಾಗದ ಕಾಗದವೇ. ಜಿಗ್‌ನ ಒಂದು ತಕಿಟದಲ್ಲಿ ಮೂರು ಸ್ವರಗಳೂ ಸಮ ಎಂದು ಪುಸ್ತಕ ಬರೆಯುತ್ತದೆ. ನುಡಿಸುವವರು ಮೊದಲನೆಯದರ ಮೇಲೆ ಕೂದಲೆಳೆಯಷ್ಟು ನಿಂತು ಎರಡನೆಯದನ್ನು ಜಾರಿಸುತ್ತಾರೆ. ಎಷ್ಟು ನಿಲ್ಲಬೇಕೆಂಬುದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಸ್ವರವನ್ನು ಕ್ಷಣಮಾತ್ರ ಕತ್ತರಿಸುವ 'ಕಟ್', ಒಂದೇ ಸ್ವರದ ಸುತ್ತ ಬೆರಳು ಉರುಳಿಸುವ 'ರೋಲ್', ಪೈಪಿನವರ 'ಕ್ರಾನ್' ಇವೆಲ್ಲ ಒಡವೆಗಳಂತೆ ಕಂಡರೂ ವಾಸ್ತವದಲ್ಲಿ ತಾಳದ ಪೆಟ್ಟುಗಳು. ಇವೆಲ್ಲ ಕೂಡಿ ಹುಟ್ಟುವ, ಕುಳಿತವರ ಕಾಲನ್ನು ನೆಲದಿಂದ ಎತ್ತಿಸುವ ಗುಣಕ್ಕೆ ಅವರು 'ಲಿಫ್ಟ್' ಎನ್ನುತ್ತಾರೆ. ಅದನ್ನು ಬರೆಯುವ ಚಿಹ್ನೆ ಇಲ್ಲ. ಒಬ್ಬರ ಪಕ್ಕದಲ್ಲಿ ಕೂತೇ ಕಲಿಯಬೇಕು, ಉಸ್ತಾದರ ಬಳಿ ಶಾಗಿರ್ದ್ ಕೂರುವಂತೆ.

ಗ್ರಾಮಫೋನ್ ಬಂದಾಗ ಈ ಕೊರತೆ ನೀಗಿತು ಎನಿಸಿತು. ಸ್ಲೈಗೊ ಜಿಲ್ಲೆಯ ಮೈಕೆಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋಗಿ, 1921ರಿಂದ 1936ರವರೆಗೆ ನ್ಯೂಯಾರ್ಕಿನಲ್ಲಿ ಪಿಟೀಲಿನ ತಟ್ಟೆಗಳನ್ನು ಮುದ್ರಿಸಿದ. ಅವು ಟಪಾಲಿನಲ್ಲಿ, ಪೆಟ್ಟಿಗೆಗಳಲ್ಲಿ ತವರಿಗೆ ಮರಳಿದವು. ಅಂಥ ಕೈಚಳಕವನ್ನು ಹಳ್ಳಿಗರು ಕೇಳಿರಲಿಲ್ಲ. ಅದರ ಪರಿಣಾಮ ಎರಡು ಬಗೆಯದು. ಅಮೆರಿಕದಿಂದ ಬಂದ ತಟ್ಟೆ ಎಂಬ ಗೌರವ ಸಿಕ್ಕಾಗ ಜನಕ್ಕೆ ತಮ್ಮದೇ ಸಂಗೀತದ ಬೆಲೆ ತಿಳಿಯಿತು. ಅದೇ ಹೊತ್ತಿಗೆ ಬೇರೆ ಜಿಲ್ಲೆಗಳ ಹುಡುಗರು ಅಪ್ಪ, ಅಜ್ಜಂದಿರ ಬಿಲ್ಲಿನ ರೀತಿ ಬಿಟ್ಟು ಸ್ಲೈಗೊ ಶೈಲಿ ಹಿಡಿದರು. ತಟ್ಟೆಯ ಒಂದು ಮುಖಕ್ಕೆ ಮೂರು ನಿಮಿಷ. ಆ ಅವಧಿಗೆ ಹೊಂದಿಸಲು ಒಂದು ಮಟ್ಟನ್ನು ಎರಡು ಮೂರು ಸುತ್ತು ನುಡಿಸಿ ಇನ್ನೊಂದಕ್ಕೆ ದಾಟುತ್ತಿದ್ದರು. ಎರಡು ಮೂರು ಮಟ್ಟುಗಳನ್ನು ಹೀಗೆ ಪೋಣಿಸುವುದು ಇಂದು ಎಲ್ಲೆಲ್ಲೂ ರೂಢಿ. ಅನಾದಿಕಾಲದ ಸಂಪ್ರದಾಯ ಎಂದುಕೊಳ್ಳುವುದರ ಬೇರು ಹೀಗೆ ಎಷ್ಟೋ ಸಲ ಯಂತ್ರದ ಅಳತೆಯಲ್ಲಿರುತ್ತದೆ.

ತವರಿನಲ್ಲಿ ಆಗ ಬೇರೆ ಸಂಕಟ. ಕ್ಯಾಥೊಲಿಕ್ ಪಾದ್ರಿಗಳಲ್ಲಿ ಬಹಳ ಮಂದಿಗೆ ಗಂಡು ಹೆಣ್ಣು ಸೇರಿ ಕುಣಿಯುವುದು ಕಣ್ಣುರಿ. ನಾಲ್ಕು ದಾರಿ ಕೂಡುವಲ್ಲಿ ನಡೆಯುವ ಕುಣಿತಗಳನ್ನು ಚದುರಿಸಿದ ಪಾದ್ರಿಗಳ ಕತೆ ಪ್ರತಿ ಜಿಲ್ಲೆಯಲ್ಲೂ ಇವೆ. ಅವರ ಒತ್ತಡದಿಂದ ಸ್ವತಂತ್ರ ಐರ್ಲೆಂಡಿನ ಸರಕಾರವೇ 1935ರಲ್ಲಿ ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಬೇಕೆಂಬ ಕಾಯ್ದೆ ತಂದಿತು. ಕಾಯ್ದೆಯ ಅಕ್ಷರ ಏನೇ ಇರಲಿ, ಹಳ್ಳಿಗಳಲ್ಲಿ ಅದು ಮನೆಯಂಗಳದ ಕುಣಿತದ ಮೇಲೂ ಬಿತ್ತು. ಕ್ಲೇರ್ ಜಿಲ್ಲೆಯ ಪಿಟೀಲುಗಾರ ಜೂನಿಯರ್ ಕ್ರೆಹನ್, ಮನೆಗಳ ಕುಣಿತ ನಿಂತಾಗ ಊರಿನ ಜೀವವೇ ಹೋಯಿತೆಂದು ಮುದಿವಯಸ್ಸಿನಲ್ಲೂ ಕೊರಗುತ್ತಿದ್ದ. ಬ್ರಿಟಿಷರು ಮಾಡಲಾಗದ್ದನ್ನು ನಮ್ಮವರೇ ಮಾಡಿದರು ಎಂಬ ನೋವು ಆ ಪೀಳಿಗೆಯಲ್ಲಿತ್ತು. ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆಯನ್ನು ಮನೆಯಲ್ಲೂ ಮೊಹಲ್ಲಾದಲ್ಲೂ ಕೇಳಿ ಬೆಳೆದ ನನ್ನಂಥವರಿಗೆ ಈ ಅಧ್ಯಾಯ ಪರಕೀಯವಲ್ಲ. ಆದರೆ ಧರ್ಮಗುರುಗಳನ್ನೆಲ್ಲ ಒಂದೇ ಗೂಟಕ್ಕೆ ಕಟ್ಟುವುದೂ ಅನ್ಯಾಯ. 1860ರ ದಶಕದಲ್ಲಿ ಮನ್‌ಸ್ಟರ್ ಪ್ರಾಂತ್ಯದ ಪೈಪ್ ವಾದಕರಿಂದ ಮಟ್ಟುಗಳನ್ನು ಕೇಳಿ, ಸುಮಾರು 2000ದಷ್ಟನ್ನು ಬರೆದಿಟ್ಟ ಜೇಮ್ಸ್ ಗುಡ್‌ಮನ್ ಪ್ರೊಟೆಸ್ಟೆಂಟ್ ಪಾದ್ರಿ. ಸ್ವತಃ ಪೈಪ್ ನುಡಿಸುತ್ತಿದ್ದ, ಐರಿಷ್ ಭಾಷೆಯ ಪ್ರಾಧ್ಯಾಪಕನೂ ಆದ.

ಸಂಸ್ಥೆಗಳು, ಕಾಯ್ದೆಗಳ ಆಚೆ ಈ ಸಂಗೀತವನ್ನು ದಾಟಿಸಿದವರಲ್ಲಿ ಇಬ್ಬರು ನನಗೆ ಬಹಳ ಇಷ್ಟ. ಮೊದಲನೆಯವರು ಕಾರ್ಕ್, ಕೆರಿ ಗಡಿಯ ಶ್ಲೀವ್ ಲೂಕ್ರ ಎಂಬ ಗುಡ್ಡಗಾಡಿನ ಪಾಡ್ರಿಗ್ ಓ ಕೀಫ್. 1887ರಲ್ಲಿ ಹುಟ್ಟಿದ ಅವರು ಶಾಲಾಮೇಷ್ಟರಾಗಿದ್ದರು, ಆ ಕೆಲಸ 1920ರಲ್ಲಿ ಹೋಯಿತು. ಬಳಿಕ 1963ರಲ್ಲಿ ಸಾಯುವವರೆಗೂ ಗುಡ್ಡ ಹತ್ತಿಳಿದು ಮನೆಮನೆಗೆ ನಡೆದು ಪಿಟೀಲು ಕಲಿಸಿದರು. ಸ್ವರಲಿಪಿ ಓದಲು ಬಾರದ ರೈತಮಕ್ಕಳಿಗಾಗಿ ತಾವೇ ಒಂದು ಲಿಪಿ ಕಟ್ಟಿದರು. ನಾಲ್ಕು ತಂತಿಗೆ ಗೆರೆಗಳ ನಡುವಿನ ನಾಲ್ಕು ಅಂಕಣ, ಅದರಲ್ಲಿ ಯಾವ ಬೆರಳೆಂದು ಹೇಳುವ ಅಂಕಿ. ಇಷ್ಟೇ. ಅಕಾರ್ಡಿಯನ್ ಕಲಿಯುವವರಿಗೆ ಬೇರೆ ಲಿಪಿ. ಅವರ ಕೈಬರಹದ ಹಾಳೆಗಳನ್ನು ಶಿಷ್ಯರು ಜೋಪಾನ ಮಾಡಿದರು. ಡೆನಿಸ್ ಮರ್ಫಿ, ಜೂಲಿಯಾ ಕ್ಲಿಫರ್ಡ್ ಎಂಬ ಅಣ್ಣತಂಗಿಯರು ಅವರ ಶಿಷ್ಯರೇ.

ಇನ್ನೊಬ್ಬ ಜಾನಿ ಡೋರನ್. ಟ್ರಾವೆಲರ್ ಎಂದು ಕರೆಯುವ, ಊರಿನವರು ಅನುಮಾನದಿಂದ ನೋಡುವ ಅಲೆಮಾರಿ ಸಮುದಾಯದವನು. ಕುದುರೆ ಬಂಡಿಯಲ್ಲಿ ಸಂಸಾರ ಹೂಡಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋಗಿ ಪೈಪ್ ನುಡಿಸುತ್ತಿದ್ದ. ಐರಿಷ್ ಪೈಪಿಗೆ ಬಾಯಿಂದ ಊದುವುದಿಲ್ಲ. ಕಮ್ಮಾರನ ತಿದಿಯಂಥ ಪುಟ್ಟ ತಿದಿಯನ್ನು ಮೊಣಕೈಯಿಂದ ಒತ್ತುತ್ತಾರೆ, 'ಇಲನ್' ಪೈಪ್ ಎಂಬ ಹೆಸರೂ ಮೊಣಕೈ ಎಂಬ ಐರಿಷ್ ಪದದಿಂದ ಬಂದದ್ದು. 1947ರಲ್ಲಿ ಐರಿಷ್ ಜಾನಪದ ಆಯೋಗ ಡೋರನ್‌ನ ವಾದನವನ್ನು ಒಂದಿಷ್ಟು ತಟ್ಟೆಗಳಲ್ಲಿ ಮುದ್ರಿಸಿಕೊಂಡಿತು. ಮರುವರ್ಷದ ಆರಂಭದಲ್ಲೇ ಡಬ್ಲಿನ್ನಿನಲ್ಲಿ ಗೋಡೆಯೊಂದು ಅವನ ಬಂಡಿಯ ಮೇಲೆ ಕುಸಿಯಿತು. ನಡೆಯಲಾಗದೆ 1950ರಲ್ಲಿ ತೀರಿಕೊಂಡ. 2017ರಲ್ಲಿ ಯುನೆಸ್ಕೊ ಈ ಪೈಪ್ ವಾದನವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವದ ಹಿಂದೆ ಕುದುರೆ ಬಂಡಿಯೂ ಇದೆ.

1960ರ ದಶಕದಲ್ಲಿ ಶಾನ್ ಓ ರಿಯಾಡ ಎಂಬ ಸಂಗೀತಕಾರ ಈ ಮಟ್ಟುಗಳನ್ನು ವೇದಿಕೆಗೆ ತಂದ. ಅಲ್ಲಿಯವರೆಗೆ ಮುಖ್ಯವಾಗಿ ಕ್ರಿಸ್‌ಮಸ್ ಮರುದಿನದ ಮೆರವಣಿಗೆಯಲ್ಲಿ ಬಡಿಯುತ್ತಿದ್ದ 'ಬೌರಾನ್' ಎಂಬ, ನಮ್ಮ ದಫ್ ಹೋಲುವ ತೊಗಲ ವಾದ್ಯ ಗೌರವದ ಪೀಠ ಏರಿದ್ದು ಅವನಿಂದಲೇ. ಐರಿಷ್ ಸಂಗೀತ ಯುರೋಪಿನದಲ್ಲ, ಅದರ ನಂಟು ಪೂರ್ವದೊಂದಿಗೆ ಎಂದು ಅವನು 1962ರ ರೇಡಿಯೊ ಸರಣಿಯಲ್ಲಿ ವಾದಿಸಿದ. 1980ರ ದಶಕದಲ್ಲಿ ಬಾಬ್ ಕ್ವಿನ್ ತನ್ನ ಸಾಕ್ಷ್ಯಚಿತ್ರಗಳಲ್ಲಿ ಶಾನ್ ನೋಸ್ ಹಾಡಿನ ಬೇರನ್ನು ಸಮುದ್ರಮಾರ್ಗವಾಗಿ ಉತ್ತರ ಆಫ್ರಿಕಾದವರೆಗೆ ಹುಡುಕಿಕೊಂಡು ಹೋದ. ಅರಬ್ ನಾಡಿನ ಹೆಸರು ಬಂದ ಕೂಡಲೇ ನಮಗೆ ಖುಷಿಯಾಗುವುದು ಸಹಜ. ಆದರೆ ಎರಡು ಕಡೆಯ ಕೊರಳೂ ಒಂದೇ ರೀತಿ ನಡುಗುತ್ತದೆ ಎಂಬುದಷ್ಟೇ ಚರಿತ್ರೆಗೆ ಪುರಾವೆಯಾಗದು. ನಾನು ಮೇಲೆ ತಕಿಟ ಎಂದದ್ದು, ಮಿಸ್ರಾ ಎಂದದ್ದು ಅರ್ಥಮಾಡಿಸಲಿಕ್ಕೆ, ನೆಂಟಸ್ತನ ಹೂಡಲಿಕ್ಕಲ್ಲ. ರೀಲ್ ಸ್ಕಾಟ್‌ಲೆಂಡಿನಿಂದ ಬಂದದ್ದಕ್ಕೆ ಅಚ್ಚಾದ ಪುಸ್ತಕಗಳ ಸಾಕ್ಷಿಯಿದೆ, ಮೊರಾಕ್ಕೊದ ದಾರಿಗೆ ಅಂಥದ್ದಿಲ್ಲ.

ಈ ಮಟ್ಟುಗಳ ಹೆಸರಿನದೇ ಒಂದು ತಮಾಷೆ. ಒಂದೇ ಮಟ್ಟಿಗೆ ಹತ್ತು ಹೆಸರು, ಒಂದೇ ಹೆಸರಿಗೆ ನಾಲ್ಕು ಮಟ್ಟು. ಹೆಸರಿಗೂ ಮಟ್ಟಿನ ಭಾವಕ್ಕೂ ಸಂಬಂಧವಿಲ್ಲ, ಗುರುತಿಗೆ ಕಟ್ಟಿದ ಚೀಟಿ ಅಷ್ಟೆ. ಹಲವು ಸಲ ಯಾರಿಂದ ಕಲಿತರೋ ಅವರ ಹೆಸರೇ ಮಟ್ಟಿಗೆ. ಹೆಸರು ಯಾರಿಗೂ ಗೊತ್ತಿಲ್ಲದಿದ್ದರೆ ಧ್ವನಿಮುದ್ರಿಕೆಗಳ ಮೇಲೆ 'ಗನ್ ಅನಿಮ್' ಎಂದು ಅಚ್ಚು ಮಾಡುತ್ತಾರೆ. ಐರಿಷ್ ಭಾಷೆಯಲ್ಲಿ ಅದರರ್ಥ 'ಹೆಸರಿಲ್ಲದ್ದು'. ಗಾಲ್ವೆ ಜಿಲ್ಲೆಯ ಪ್ಯಾಡಿ ಫಾಹಿ ಎಂಬ ಪಿಟೀಲುಗಾರ ಹಲವಾರು ಹೊಸ ಮಟ್ಟುಗಳನ್ನು ಕಟ್ಟಿದರು, ಒಂದಕ್ಕೂ ಹೆಸರಿಡಲಿಲ್ಲ, ಮಾರಾಟಕ್ಕೆಂದು ಒಂದು ತಟ್ಟೆಯನ್ನೂ ಮುದ್ರಿಸಲಿಲ್ಲ. ನೂರು ದಾಟಿದ ಅವರು 2019ರಲ್ಲಿ ತೀರಿಕೊಂಡರು. ಅವರ ರೀಲ್‌ಗಳನ್ನು, ಜಿಗ್‌ಗಳನ್ನು ನುಡಿಸುವವರು ಒಂದನ್ನೊಂದರಿಂದ ಬೇರೆಮಾಡಲು 'ಪ್ಯಾಡಿ ಫಾಹಿಯದು, ಒಂದನೆಯದು', 'ಪ್ಯಾಡಿ ಫಾಹಿಯದು, ಎರಡನೆಯದು' ಎಂದು ಎಣಿಸುತ್ತಾರೆ. ಅದರಲ್ಲೂ ಒಬ್ಬರ ಒಂದನೆಯದು ಇನ್ನೊಬ್ಬರಿಗೆ ಮೂರನೆಯದು.